ಕೊಲ್ಲಿಯ ದಡದ ಫಲಕ

ಇನ್ಸ್‌ಪೆಕ್ಟರ್ ಇಪೀಲಿ ಹಿಮದಲ್ಲಿ ಮಂಡಿಯೂರಿ ಗುಂಡಿಯೊಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದ. ಮೇಲೆ ಸಮುದ್ರದ ಕಡೆ ಮೂತಿ ಮಾಡಿದ ಚೂಪುಗಲ್ಲು, ಅದರಡಿ ಎರಡು ದುಂಡು, ತಳದಲ್ಲಿ ಒಂದು ಚಪ್ಪಟೆ.

"ಪಂಚನಾಮೆಯಲ್ಲಿ ಏನು ಬರೀಲಿ ಸಾರ್?" ಕಾನ್‌ಸ್ಟೇಬಲ್ ಸಿಪೋರಾ ಕೇಳಿದಳು. ಚಳಿಗೆ ಪೆನ್ನಿನ ಶಾಯಿ ಹೆಪ್ಪುಗಟ್ಟಿದ್ದರಿಂದ ಪೆನ್ಸಿಲ್ ಹಿಡಿದಿದ್ದಳು.

"ಫಲಕ ಇಲ್ಲ, ಗುಂಡಿ ಮುಚ್ಚಿದೆ ಅಂತ."

"ಕಳ್ಳ ಯಾವನಾದ್ರೂ ಗುಂಡಿ ಮುಚ್ತಾನಾ?"

"ನಮ್ಮೋರಾದ್ರೆ ಮುಚ್ತಾರೆ. ಕ್ಯಾರಿಬೂ ಜಿಂಕೆ ಕಾಲು ಸಿಕ್ಕೊಂಡು ಮುರೀಬಾರದಲ್ಲ."

ಏಪ್ರಿಲ್ ಒಂಬತ್ತರ ಬೆಳಿಗ್ಗೆ ದಕ್ಷಿಣದ ಭೂಪಟ ಕಚೇರಿಯಿಂದ ಠಾಣೆಗೆ ದೂರು ಬಂದಿತ್ತು. 'ಹ್ಯಾರಿಂಗ್‌ವುಡ್ ಕೊಲ್ಲಿ' ಎಂದು ನೆಟ್ಟ ಅಲ್ಯೂಮಿನಿಯಂ ಫಲಕ ಮೂರನೇ ಸಲ ಕಾಣೆಯಾಗಿತ್ತು. ಹ್ಯಾರಿಂಗ್‌ವುಡ್ ಎಂಬವನು ಎಂದೋ ಒಂದು ಬೇಸಿಗೆಯಲ್ಲಿ ಇಲ್ಲಿ ಲಂಗರು ಹಾಕಿ ಹೋದ ಹಡಗಿನ ಕ್ಯಾಪ್ಟನ್. ಎಫ್‌ಐಆರ್ ಆಯಿತು. ಆರೋಪಿ ಸಿಕ್ಕರೆ ವಿಮಾನ ಹತ್ತಿಸಿ ಕೋರ್ಟಿಗೆ ಕಳಿಸಬೇಕು.

ಧ್ರುವಪ್ರದೇಶದ ನುನಾವುಟ್‌ನ ಈ ಊರಲ್ಲಿ ಕಲ್ಲು ಪೇರಿಸುವ ಕೈ ಒಬ್ಬೊಬ್ಬರದು ಒಂದೊಂದು ಥರ. ಈ ಕೈ ಯಾರದೆಂದು ಇಪೀಲಿಗೆ ಗೊತ್ತಾಗಿತ್ತು. ಸ್ನೋಮೊಬೈಲ್ ಸೀದಾ ಕೌನಾಕ್‌ಳ ಮನೆ ಮುಂದೆ ನಿಂತಿತು.

ಮುದುಕಿ ನೆಲದ ಮೇಲೆ ಕೂತು, ಅರ್ಧಚಂದ್ರದಂಥ ಉಲು ಕತ್ತಿಯಿಂದ ಸೀಲ್ ಮಾಂಸ ಕೊಯ್ಯುತ್ತಿದ್ದಳು. ಮಾಂಸದಡಿ ಲೋಹದ ತಗಡು. ರಕ್ತದ ನಡುವೆ 'ಹ್ಯಾರಿಂಗ್' ಎಂಬಷ್ಟು ಮಾತ್ರ ಕಾಣುತ್ತಿತ್ತು.

"ಬಾ ಅಪ್ಪಾ, ಕೂತ್ಕೋ. ಟೀ ಬಿಸಿ ಇದೆ."

ಅವಳ ತಂದೆ ಸತ್ತ ವರ್ಷ ಹುಟ್ಟಿದ ಇಪೀಲಿಗೆ ಆ ತಂದೆಯ ಹೆಸರನ್ನೇ ಇಟ್ಟಿದ್ದರು; ಹೆಸರಿನ ಜೊತೆ ಸತ್ತವರ ಜೀವವೂ ಬರುತ್ತದೆಂದು ಇಲ್ಲಿಯ ನಂಬಿಕೆ. ಹಾಗಾಗಿ ಎಪ್ಪತ್ತು ದಾಟಿದ ಕೌನಾಕ್‌ಗೆ ಅವನು ಅಪ್ಪ, ಅವನಿಗೆ ಅವಳು ಮಗಳು.

"ಇದೇನು ಮಗಳೇ?"

"ಮಾಂಸ ಕುಯ್ಯೋ ಹಲಗೆ. ಗಟ್ಟಿಮುಟ್ಟಾಗಿದೆ. ಮುಂಚಿನ ಎರಡನ್ನ ಸೊಸೇರಿಗೆ ಕೊಟ್ಟೆ."

ಸಿಪೋರಾ ನಗು ತಡೆಯಲು ಗೋಡೆಯತ್ತ ತಿರುಗಿದಳು.

"ಯಾಕೆ ಕಿತ್ತೆ?"

"ನೀನು ಸತ್ತಿದ್ದು ಅಲ್ಲೇ. ನಂಗೆ ಈಟಿ ಹಿಡಿಯೋದು ಕಲಿಸಿದ್ದೂ ಅಲ್ಲೇ. ಆ ಕೊಲ್ಲಿ ಹೆಸರು ತಾಸಿಯುಯಾಕ್ ಅಂತ ಹೇಳ್ಕೊಟ್ಟೋನು ನೀನು. ಈಗ ಮರ್ತೋಯ್ತಾ?"

ಇಪೀಲಿ ಟೀ ಮುಟ್ಟಲಿಲ್ಲ. "ನಿನ್ನ ಅರೆಸ್ಟ್ ಮಾಡ್ಬೇಕು ಮಗಳೇ."

"ಮಾಡು. ಮಾಂಸ ಒಳಗಿಟ್ಟು ಬರ್ತೀನಿ."

"ಘಟನೆ ನಡೆದ ಸ್ಥಳ ಏನಂತ ಬರೀಲಿ ಸಾರ್?" ಸಿಪೋರಾ ಮೆಲ್ಲಗೆ ಕೇಳಿದಳು.

"ತಾಸಿಯುಯಾಕ್. ದೊಡ್ಡದಾಗಿ ಬರಿ."

ಠಾಣೆಯಲ್ಲಿ ಅವನು ಭೂಪಟ ಕಚೇರಿಯವರ ಜೊತೆ ಫೋನಿನಲ್ಲಿ ಬಹಳ ಹೊತ್ತು ವಾದಿಸಿದ. ಹೊರಬಂದಾಗ ಮುಖ ಹಗುರಾಗಿತ್ತು.

"ಒಪ್ಪಿದ್ರು. ದೂರು ವಾಪಸ್ ತಗೋತಾರೆ, ನೀನು ಮನೆಗೆ ಹೋಗ್ಬೋದು. ಹೊಸ ಫಲಕದಲ್ಲಿ ಆ ಕ್ಯಾಪ್ಟನ್ ಹೆಸರಿನ ಕೆಳಗೆ ನಾವು ಕರೆಯೋ ಹೆಸರೂ ಇರುತ್ತೆ. ಇನ್ಮೇಲೆ ಕೀಳಲ್ಲ ಅಂತ ನೀನು ಸೈನ್ ಹಾಕಿದ್ರೆ ಸಾಕು."

"ಕೆಳಗೆ?"

"ಕೆಳಗೆ. ಸ್ವಲ್ಪ ಚಿಕ್ಕ ಅಕ್ಷರದಲ್ಲಿ."

ಕೌನಾಕ್ ಎದ್ದು ಕೋಟಿನ ಟೋಪಿ ಎಳೆದು ಬಿಗಿದುಕೊಂಡಳು.

"ಬೇಡ. ವಿಮಾನ ಎಷ್ಟೊತ್ತಿಗೆ ಅಪ್ಪಾ?"