ಫೋರ್ಕಿಗೆ ತಕ್ಕ ಹುಡುಗಿ

ಇರಿ ಇರಿ, ಎಲ್ಲಿಗೂ ಹೋಗಬೇಡಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗಿ. ಯಾಕೆಂದರೆ ಸೊಳ್ಳೆ ಈಗಷ್ಟೇ ಪೊದೆಯೊಳಗೆ ಹಾರಿ ಬಿದ್ದಿದ್ದಾಳೆ, ಅವಳ ಸೈಕಲ್ಲಿನ ಹಿಂದಿನ ಚಕ್ರ ಇನ್ನೂ ಗಿರಗಿರ ತಿರುಗುತ್ತಿದೆ, ಮತ್ತು ಇದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ.

"ಸೊಳ್ಳೆ, ಬದುಕಿದ್ದೀಯಾ?" ಮೇಲಿನಿಂದ ಟ್ಯಾಂಕ್ ಕೂಗಿದ.

"ನನ್ನ ಕನ್ನಡಕ ಸಿಗ್ತಿಲ್ಲ," ಎಂದಿತು ಪೊದೆ.

"ನಿನ್ನ ಕಿವಿಯಲ್ಲೇ ನೇತಾಡ್ತಿದೆ ಕಣೆ."

ಟ್ಯಾಂಕ್ ಅವಳ ಕ್ಲಾಸಿನಲ್ಲೇ ಎಲ್ಲರಿಗಿಂತ ದೊಡ್ಡ ಹುಡುಗ. ಸೊಳ್ಳೆ ಎಲ್ಲರಿಗಿಂತ ಚಿಕ್ಕವಳು. ಈ ಹೆಸರುಗಳನ್ನು ಒಬ್ಬರಿಗೊಬ್ಬರು ಇಟ್ಟುಕೊಂಡಿದ್ದರಿಂದ ಯಾರಿಗೂ ಬೇಜಾರಿರಲಿಲ್ಲ. ಟ್ಯಾಂಕ್ ಇಳಿದು ಬಂದು ಒಂದು ಕೈಯಲ್ಲಿ ಅವಳನ್ನೂ ಇನ್ನೊಂದು ಕೈಯಲ್ಲಿ ಸೈಕಲ್ಲನ್ನೂ ಎತ್ತಿ ಹೊರಗಿಟ್ಟ.

ಅಷ್ಟರಲ್ಲಿ ಸೀಟಿ ಊದುತ್ತಾ ಸೆಟ್ಟಿಂಗ್ ಸರ್ ಬಂದರು. ಪ್ರತಿ ಭಾನುವಾರ ಮಕ್ಕಳಿಗೆ ಗುಡ್ಡದ ಮೇಲೆ ಸೈಕಲ್ ಹೊಡೆಯುವುದನ್ನು ಕಲಿಸುವ ಕ್ಲಬ್ ಇವರದ್ದು.

"ಮತ್ತೆ ಬೇರಿನ ಇಳಿಜಾರಲ್ಲೇ ಬಿದ್ಯಾ? ಮುಂದಿನ ವಾರವೂ ಬಿದ್ದರೆ ಪಾರ್ಕ್ ಬ್ಯಾಚ್‌ಗೆ ಹಾಕ್ತೀನಿ ನೋಡು."

ಸೊಳ್ಳೆ ಗಬಕ್ಕನೆ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು. ಪಾರ್ಕ್ ಬ್ಯಾಚ್ ಎಂದರೆ ಏನು ಗೊತ್ತಾ? ಹ್ಯಾಂಡಲ್ಲಿಗೆ ಬಣ್ಣದ ಬಾಲ ಕಟ್ಟಿಕೊಂಡ ಪಾಪುಗಳು ಪ್ಲಾಸ್ಟಿಕ್ ಕೋನ್‌ಗಳ ಸುತ್ತ ಗುಂಡಗೆ ಸುತ್ತುವುದು. ಅಲ್ಲಿ ಈಗ ಫಸ್ಟ್ ಬರುತ್ತಿರುವವನು ಪಕ್ಕದ ಮನೆಯವನು, ಇನ್ನೂ ಬಾಯಲ್ಲಿ ಬೆರಳಿಟ್ಟುಕೊಂಡೇ ಮಲಗುತ್ತಾನೆ.

"ಸರ್, ಫೋರ್ಕ್ ತುಂಬಾ ಗಟ್ಟಿ ಇದೆ. ಕೈ ಎಲ್ಲ ಜುಂ ಅನ್ನುತ್ತೆ."

ಫೋರ್ಕ್ ಎಂದರೆ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವ ಕಾಲುಗಳು. ಗುಡ್ಡದ ಸೈಕಲ್ಲಿನಲ್ಲಿ ಅದರೊಳಗೆ ಗಾಳಿ ತುಂಬಿರುತ್ತಾರೆ. ಕಲ್ಲೋ ಬೇರೋ ಅಡ್ಡ ಬಂದಾಗ ಅದು ಒಳಕ್ಕೆ ಕುಸಿದು, ಆಮೇಲೆ ಮೆಲ್ಲಗೆ ಎದ್ದು ನಿಲ್ಲಬೇಕು. ಸೊಳ್ಳೆಯ ಫೋರ್ಕ್ ಕುಸಿಯುತ್ತಲೇ ಇರಲಿಲ್ಲ. ಬೇರಿಗೆ ಬಡಿದ ಕೂಡಲೇ ಚೆಂಡಿನ ಹಾಗೆ ಪುಟಿದು ತನಗೆ ಇಷ್ಟ ಬಂದ ಕಡೆ ಹೊರಟುಬಿಡುತ್ತಿತ್ತು. ಅದಕ್ಕೆ ಇಷ್ಟವಾದ ಕಡೆ ಯಾವಾಗಲೂ ಪೊದೆ.

"ಗಟ್ಟಿನಾ? ಎಷ್ಟಿದೆ ಗಾಳಿ?"

"ತೊಂಬತ್ತು ಸರ್. ನೀವೇ ಹಾಕಿದ್ದು."

"ಮತ್ತೆ? ತೊಂಬತ್ತು ಅಂದ್ರೆ ಚಾಂಪಿಯನ್ ಸೆಟ್ಟಿಂಗ್."

ಕ್ಲಬ್ಬಿನ ಶೆಡ್ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ತೊಂಬತ್ತು ಎಂದು ಇಷ್ಟು ದೊಡ್ಡದಾಗಿ ಬರೆದಿತ್ತು. ಅದರ ಮೇಲೊಂದು ಫೋಟೋ. ಫೋಟೋದಲ್ಲಿರುವ ಅಣ್ಣ ಈ ಕ್ಲಬ್ಬಿನಿಂದಲೇ ಹೋಗಿ ಕಪ್ ಗೆದ್ದವನು. ಬಾಗಿಲಗಲದ ಭುಜ, ಕಂಬದಂಥ ಕಾಲು, ಇಷ್ಟುದ್ದ ಮೀಸೆ. ಅವನ ಫೋರ್ಕಿನಲ್ಲಿ ತೊಂಬತ್ತು ಇತ್ತಂತೆ. ಅಂದಿನಿಂದ ಕ್ಲಬ್ಬಿನ ಎಲ್ಲ ಫೋರ್ಕಿನಲ್ಲೂ ತೊಂಬತ್ತು. ಮೀಸೆಯೊಂದನ್ನು ಮಾತ್ರ ಸರ್ ಕಡ್ಡಾಯ ಮಾಡಿರಲಿಲ್ಲ.

"ಚಾಂಪಿಯನ್‌ಗೆ ಆಗಿದ್ದು ನಿನಗೆ ಆಗಲ್ಲ ಅಂದ್ರೆ ತೊಂದರೆ ಯಾರಲ್ಲಿದೆ? ನೀನೇ ಹೇಳು," ಎಂದರು ಸರ್. "ಏನ್ರೋ, ಬೇರೆ ಯಾರಿಗಾದರೂ ಗಟ್ಟಿ ಅನ್ಸುತ್ತಾ?"

"ಇಲ್ಲ ಸರ್, ಸೂಪರ್ ಸರ್," ಎಂದರು ಮಕ್ಕಳೆಲ್ಲ, ಬೆನ್ನ ಹಿಂದೆ ಕೈ ಉಜ್ಜಿಕೊಳ್ಳುತ್ತಾ. ಸೋಮವಾರ ಕ್ಲಾಸಿನಲ್ಲಿ ಯಾರ ಅಕ್ಷರ ಹುಳ ಹರಿದಾಡಿದ ಹಾಗಿರುತ್ತದೋ ಅವರೆಲ್ಲ ಕ್ಲಬ್ಬಿನವರು ಎಂದು ಟೀಚರಿಗೂ ಗೊತ್ತಿತ್ತು. ಟ್ಯಾಂಕ್ ಒಬ್ಬನಿಗೆ ಮಾತ್ರ ನಿಜಕ್ಕೂ ಸೂಪರ್ ಆಗಿತ್ತು. ಉಳಿದವರು ಯಾಕೆ ಕೈ ಉಜ್ಜಿಕೊಳ್ಳುತ್ತಾರೆ ಎಂಬುದೇ ಅವನಿಗೆ ಅರ್ಥವಾಗುತ್ತಿರಲಿಲ್ಲ.

"ನೀನು ಸ್ವಲ್ಪ ದಪ್ಪ ಆಗು," ಎಂದು ಸರ್ ಸೊಳ್ಳೆಯ ಬೆನ್ನು ತಟ್ಟಿದರು. "ಫೋರ್ಕ್ ತಾನಾಗೇ ಸರಿಹೋಗುತ್ತೆ."

ಈ ಮಾತನ್ನು ಸೊಳ್ಳೆ ಮನೆಯಲ್ಲಿ ಹೇಳಬಾರದಿತ್ತು. ಹೇಳಿಬಿಟ್ಟಳು.

ಅಜ್ಜಿಗೆ ಎಷ್ಟೋ ವರ್ಷದಿಂದ ಕಾಯುತ್ತಿದ್ದ ಪರ್ಮಿಶನ್ ಸಿಕ್ಕಂತಾಯಿತು. "ನಾನು ಹೇಳ್ತಾನೇ ಇದ್ದೆ, ನನ್ನ ಮಾತು ಯಾರು ಕೇಳ್ತಾರೆ," ಎನ್ನುತ್ತಾ ಎರಡು ಮೊಟ್ಟೆ ತಂದಿಟ್ಟಳು. ಮೊಟ್ಟೆಯ ಹಿಂದೆ ಬಾಳೆಹಣ್ಣು, ಬಾಳೆಹಣ್ಣಿನ ಹಿಂದೆ ಹಾಲು. ಅಪ್ಪ ಎರಡು ನೀರಿನ ಬಾಟಲಿಗೆ ಮರಳು ತುಂಬಿ, "ದಿನಾ ಎತ್ತು, ಕೈಗೆ ಶಕ್ತಿ ಬರುತ್ತೆ," ಎಂದ. ಅಮ್ಮ ದಪ್ಪ ಗ್ಲೌಸ್ ತಂದಳು. ಅದನ್ನು ಹಾಕಿಕೊಂಡರೆ ಬೆರಳಿಗೆ ಬ್ರೇಕೇ ಸಿಗುತ್ತಿರಲಿಲ್ಲ.

ಹೀಗೆ ಆ ವಾರ ಮನೆಯವರೆಲ್ಲ ಸೇರಿ ಹುಡುಗಿಯನ್ನು ರಿಪೇರಿ ಮಾಡಿದರು. ಸೈಕಲ್ ಮೆಟ್ಟಿಲ ಕೆಳಗೆ ಆರಾಮಾಗಿ ನಿಂತಿತ್ತು.

"ಅಪ್ಪಾ, ಪ್ಲೀಸ್, ಒಂದು ಸಲ ಫೋರ್ಕ್ ನೋಡಪ್ಪ," ಎಂದು ಶನಿವಾರ ಸಂಜೆ ಸೊಳ್ಳೆ ಅಪ್ಪನ ಅಂಗಿ ಹಿಡಿದು ಎಳೆದಳು. ಹೊಟ್ಟೆಯೊಳಗೆ ಹಾಲು ಗುಳುಗುಳು ಎನ್ನುತ್ತಿತ್ತು.

ಅಪ್ಪ ಬಂದ. ಗೋಡೆಗೆ ಕೈ ಕೊಟ್ಟು ಸೀಟಿನ ಮೇಲೆ ಕೂತು, ಹ್ಯಾಂಡಲ್ ಹಿಡಿದು ಮುಂದಕ್ಕೆ ಬಾಗಿದ. ಅಪ್ಪ ಎಂದರೆ ಹೊಟ್ಟೆಯೂ ಸೇರಿದ ಅಪ್ಪ. ಫೋರ್ಕ್ ಸುಯ್ ಎಂದು ಕುಸಿದು, ಸುಯ್ ಎಂದು ಎದ್ದಿತು.

"ಬೆಣ್ಣೆ ಥರ ಇದೆಯಲ್ಲೇ. ಇದಕ್ಕಿಂತ ಮೆತ್ತಗೆ ಬೇಕು ಅಂದ್ರೆ ದಿಂಬು ಕಟ್ಟಿಕೊಂಡು ಹೋಗು," ಎಂದು ಇಳಿದು, ಪ್ಯಾಂಟ್ ಮೇಲಕ್ಕೆಳೆದುಕೊಂಡು ಹೋದ.

ಸೊಳ್ಳೆಗೆ ಅಳು ಬಂತು. ಎಲ್ಲರಿಗೂ ಸರಿ ಇರುವುದು ನನಗೊಬ್ಬಳಿಗೇ ಯಾಕೆ ಸರಿ ಇಲ್ಲ? ನಾನೇ ಏನಾದರೂ ತಪ್ಪು ಸೈಜಿನಲ್ಲಿ ಹುಟ್ಟಿದೆನಾ? ಅವಳು ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು ಫೋರ್ಕನ್ನು ಗುರಾಯಿಸಿದಳು.

ಆಗ ಕಣ್ಣಿಗೆ ಬಿತ್ತು ಆ ಉಂಗುರ.

ಫೋರ್ಕಿನ ಹೊಳೆಯುವ ಕೊಳವೆಗೆ ತೆಳ್ಳನೆಯ ಕಪ್ಪು ರಬ್ಬರ್ ಉಂಗುರವೊಂದಿತ್ತು. ಯಾವಾಗಲೂ ಅದು ಕೊಳವೆಯ ಬುಡದಲ್ಲೇ ಬಿದ್ದಿರುತ್ತಿತ್ತು. ಅದು ಯಾಕಿದೆ ಎಂದು ಕೇಳಿದ್ದಕ್ಕೆ ಸೆಟ್ಟಿಂಗ್ ಸರ್, "ಡಿಸೈನ್," ಎಂದಿದ್ದರು. ಈಗ ನೋಡಿದರೆ ಅದು ಎರಡು ಬೆರಳಿನಷ್ಟು ಮೇಲೆ ಹೋಗಿ ನಿಂತಿದೆ. ಅಪ್ಪ ಕೂತಾಗ ಫೋರ್ಕ್ ಎಷ್ಟು ಕುಸಿಯಿತೋ ಅಷ್ಟು ಮೇಲಕ್ಕೆ ಅದನ್ನು ತಳ್ಳಿತ್ತು.

ಸೊಳ್ಳೆ ಎದ್ದು ಉಂಗುರವನ್ನು ಕೆಳಕ್ಕೆ ಸರಿಸಿದಳು. ಗೋಡೆಗೆ ಕೈ ಕೊಟ್ಟು ಮೆಲ್ಲಗೆ ಹತ್ತಿ ಕೂತಳು, ಮೆಲ್ಲಗೆ ಇಳಿದಳು. ನೋಡಿದಳು. ಉಂಗುರ ಇಟ್ಟಲ್ಲೇ ಇತ್ತು. ಸರಿದಿದ್ದರೂ ಒಂದು ಕಾಗದದ ದಪ್ಪದಷ್ಟು ಸರಿದಿರಬಹುದು. ಪಾಪ, ಫೋರ್ಕಿಗೆ ತನ್ನ ಮೇಲೆ ಯಾರೋ ಕೂತಿದ್ದಾರೆ ಎಂಬುದೇ ಗೊತ್ತಾಗಿಲ್ಲ.

"ಅಜ್ಜೀ," ಎಂದು ಕೂಗಿದಳು. "ಸ್ವಲ್ಪ ಬಾ. ಬರುವಾಗ ಏನನ್ನೂ ತಿನ್ನೋಕೆ ತರಬೇಡ."

ಅಜ್ಜಿ ಹಿಂದಿನ ಚಕ್ರವನ್ನು ಕಾಲುಗಳ ನಡುವೆ ಒತ್ತಿ ಹಿಡಿದು ನಿಂತಳು. ಸೊಳ್ಳೆ ಫೋರ್ಕಿನ ತಲೆಯ ಮೇಲಿನ ಮುಚ್ಚಳ ಬಿಚ್ಚಿ, ಗಾಳಿ ಅಳೆಯುವ ಮುಳ್ಳಿರುವ ಪುಟ್ಟ ಪಂಪನ್ನು ಸಿಕ್ಕಿಸಿದಳು. ಮುಳ್ಳು ತೊಂಬತ್ತರ ಹತ್ತಿರ ಹೋಗಿ ನಿಂತಿತು. ಪಂಪಿನ ಬಟನ್ ಒತ್ತಿದಳು.

"ಇದೇನೇ, ಬುಸ್ ಅಂತಿದೆ?"

"ಚಾಂಪಿಯನ್ ಅಜ್ಜಿ. ಹೊರಗೆ ಹೋಗ್ತಿದ್ದಾನೆ."

ಸ್ವಲ್ಪ ಗಾಳಿ ಬಿಟ್ಟು, ಪಂಪ್ ತೆಗೆದು, ಉಂಗುರ ಇಳಿಸಿ, ಹತ್ತಿ, ಇಳಿದು ನೋಡಿದಳು. ಉಂಗುರ ಅರ್ಧ ಬೆರಳು ಮೇಲೇರಿತ್ತು. ಇನ್ನಷ್ಟು ಬಿಟ್ಟಳು. ಒಂದು ಬೆರಳಾಯಿತು. ಹೀಗೆ ಹತ್ತುತ್ತಾ ಇಳಿಯುತ್ತಾ ಉಂಗುರ ಎರಡು ಬೆರಳಿನಷ್ಟು ಮೇಲೆ ಬಂದು ನಿಂತಾಗ ಪಂಪಿನ ಮುಳ್ಳು ನಲವತ್ತರಲ್ಲಿತ್ತು. ಅಪ್ಪನ ತೊಂಬತ್ತು, ಅವಳ ನಲವತ್ತು, ಎರಡೂ ಅದೇ ಎರಡು ಬೆರಳು.

ಹ್ಯಾಂಡಲ್ ಒತ್ತಿ ನೋಡಿದಳು. ಚೆನ್ನಾಗಿ ಕುಸಿಯಿತು, ಆದರೆ ಏಳುವಾಗ ಬೆಳಿಗ್ಗೆ ಸ್ಕೂಲಿಗೆ ಏಳುವ ಮಕ್ಕಳ ಹಾಗೆ ಎದ್ದಿತು. ಫೋರ್ಕಿನ ಬುಡದಲ್ಲೊಂದು ಕೆಂಪು ತಿರುಪು. ಒಂದು ಕಡೆ ಮೊಲದ ಚಿತ್ರ, ಇನ್ನೊಂದು ಕಡೆ ಆಮೆಯ ಚಿತ್ರ. ಸರ್ ಅದನ್ನೂ ಎಲ್ಲರಿಗೂ ಆಮೆಗೇ ತಿರುಗಿಸಿಟ್ಟಿದ್ದರು. ಸೊಳ್ಳೆ ಪೂರ್ತಿ ಮೊಲದ ಕಡೆ ತಿರುಗಿಸಿ ಒತ್ತಿದಳು. ಹ್ಯಾಂಡಲ್ ಪಟ್ಟೆಂದು ಎಗರಿ ಗದ್ದಕ್ಕೇ ಬಡಿಯಿತು.

"ಅಯ್ಯೋ ರಾಮ," ಎಂದಳು ಅಜ್ಜಿ.

"ಏನಿಲ್ಲ ಅಜ್ಜಿ, ಮೊಲ ಒದೀತು." ಸೊಳ್ಳೆ ಗದ್ದ ಉಜ್ಜಿಕೊಂಡು, ಕಟ್ ಕಟ್ ಎಂದು ಸ್ವಲ್ಪ ಹಿಂದಕ್ಕೆ ತಿರುಗಿಸಿದಳು. ಈಗ ಸರಿಹೋಯಿತು. "ಅಜ್ಜೀ, ಯಾರಿಗೂ ಹೇಳಬೇಡ."

"ನಾನೇನು ನೋಡಿದ್ದೀನಿ ಹೇಳೋಕೆ? ನನಗೆ ಕಣ್ಣೇ ಕಾಣಲ್ಲ," ಎಂದು ಅಜ್ಜಿ ಸೆರಗಿನಿಂದ ಒಂದು ಬಾಳೆಹಣ್ಣು ತೆಗೆದಳು.

ಭಾನುವಾರ ಬೆಳಿಗ್ಗೆ ಬೇರಿನ ಇಳಿಜಾರಿನ ತುದಿಯಲ್ಲಿ ನಿಂತಾಗ ಸೊಳ್ಳೆಗೆ ಕೆಳಗಿನ ಪೊದೆ ಕಂಡಿತು. ಕಳೆದ ವಾರ ಅವಳು ಬಿದ್ದ ಜಾಗ ಅವಳದೇ ಆಕಾರದಲ್ಲಿ ಇನ್ನೂ ತಗ್ಗಾಗಿತ್ತು. ಪಾರ್ಕ್ ಬ್ಯಾಚಿನ ಹುಡುಗ ತನ್ನ ಅಮ್ಮನ ಜೊತೆ ನೋಡಲು ಬಂದು, ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಿದ್ದ.

ಸರ್ ಸೀಟಿ ಊದಿದರು.

ಮೊದಲನೆಯ ಬೇರು ಬಂತು. ಸೊಳ್ಳೆ ಅಭ್ಯಾಸದಂತೆ ಹಲ್ಲು ಕಚ್ಚಿದಳು. ಡಬ್ ಎನ್ನಬೇಕಾದದ್ದು ಬರೀ ಸುಯ್ ಎಂದಿತು. ಎರಡನೆಯ ಬೇರು ಸುಯ್. ಚಕ್ರ ನೆಲ ಬಿಡಲಿಲ್ಲ, ನೆಲ ಸವರಿಕೊಂಡು ಹೋಯಿತು. ಪೊದೆ ಪಕ್ಕದಲ್ಲೇ ಬಂತು, ಪಕ್ಕದಲ್ಲೇ ಹೋಯಿತು. ಕೆಳಗೆ ತಲುಪಿ ಬ್ರೇಕ್ ಹಿಡಿದಾಗಲೂ ಅವಳು ಹಲ್ಲು ಕಚ್ಚಿಕೊಂಡೇ ಇದ್ದಳು. ಬಿಡಲು ಮರೆತುಹೋಗಿತ್ತು.

"ನೋಡಿದ್ರಾ?" ಸರ್ ಎಲ್ಲರ ಕಡೆ ತಿರುಗಿದರು. "ತೊಂಬತ್ತರ ಮಹಿಮೆ ಇದು. ಒಂದು ವಾರ ಚೆನ್ನಾಗಿ ತಿಂದಿದ್ದಕ್ಕೇ ಹೇಗಾದಳು." ಹೆಮ್ಮೆಯಿಂದ ಅವಳ ಹ್ಯಾಂಡಲ್ ಮೇಲೆ ಕೈಯೂರಿದರು. ಫೋರ್ಕ್ ಸುಯ್ಯೆಂದು ಮುಳುಗಿತು, ಜೊತೆಗೆ ಸರ್ ಕೂಡ ಮುಗ್ಗರಿಸಿದರು.

ಪಂಪ್ ಬಂತು. ಮುಳ್ಳು ನಲವತ್ತು ತೋರಿಸಿತು. ಮಕ್ಕಳೆಲ್ಲ ಪಂಪಿನ ಸುತ್ತ ಮುತ್ತಿಕೊಂಡರು. ಸರ್ ಮುಳ್ಳನ್ನು ನೋಡಿದರು, ಇಳಿಜಾರನ್ನು ನೋಡಿದರು, ಶೆಡ್ಡಿನ ಕಡೆ ನೋಡಿದರು.

"ನನಗೂ ಇತ್ತೀಚೆಗೆ ಹಾಗೇ ಅನ್ನಿಸ್ತಿತ್ತು," ಎಂದರು ಗಂಟಲು ಸರಿಮಾಡಿಕೊಂಡು. "ಬನ್ನಿ ಎಲ್ಲರೂ."

ಶೆಡ್ಡಿನ ಬಾಗಿಲ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕರ್ಚೀಫಿನಿಂದ ತೊಂಬತ್ತನ್ನು ಒರೆಸಿದರು. ಆಮೇಲೆ ಸೀಮೆಸುಣ್ಣವನ್ನು ಸೊಳ್ಳೆಯ ಕೈಗೆ ಕೊಟ್ಟರು.

"ಇವತ್ತಿಂದ ಕ್ಲಬ್ಬಿಗೆಲ್ಲ ನಲವತ್ತು. ಸೊಳ್ಳೆ ಸೆಟ್ಟಿಂಗ್. ನೀನೇ ಬರಿ, ಕೆಳಗೆ ನಿನ್ನ ಹೆಸರೂ ಹಾಕು. ಮುಂದಿನ ವಾರ ಫೋಟೋ ಹಾಕೋಣ, ಆ ಫೋಟೋ ಪಕ್ಕದಲ್ಲೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಳ್ಳೆಯ ಕಿವಿ ಬೆಚ್ಚಗಾಯಿತು. ಮೀಸೆಯ ಅಣ್ಣನ ಪಕ್ಕ ತನ್ನ ಕನ್ನಡಕದ ಮುಖ. ಅಜ್ಜಿಗೆ ತೋರಿಸಬೇಕು, ಅಪ್ಪನಿಗೆ ತೋರಿಸಬೇಕು. ಅವಳು ಕಾಲ್ಬೆರಳ ಮೇಲೆ ನಿಂತು ಕೈ ಎತ್ತಿದಳು.

ಹಿಂದಿನಿಂದ ಬುಸ್ ಎಂದು ಸದ್ದು ಬಂತು.

ತಿರುಗಿ ನೋಡಿದರೆ ಟ್ಯಾಂಕ್. ಸಾಲಿನಲ್ಲಿ ಮೊದಲಿಗೆ ನಿಂತು, ತನ್ನ ಫೋರ್ಕಿಗೆ ಪಂಪ್ ಸಿಕ್ಕಿಸಿ ಗಾಳಿ ಬಿಡುತ್ತಿದ್ದ. ಮುಖದ ತುಂಬ ನಗು. ಅವನ ರಬ್ಬರ್ ಉಂಗುರ ಸರಿಯಾಗಿ ಎರಡು ಬೆರಳಿನಷ್ಟು ಮೇಲೆ ನಿಂತಿತ್ತು, ಅಪ್ಪ ಕೂತಾಗ ನಿಂತ ಹಾಗೆಯೇ. ನಲವತ್ತಕ್ಕೆ ಇಳಿಸಿ ಅವನು ಆ ಇಳಿಜಾರಿನಲ್ಲಿ ಬಂದರೆ ಮೊದಲನೆಯ ಬೇರಿಗೇ ಫೋರ್ಕ್ ಪೂರ್ತಿ ಕುಸಿದು ತಳ ಮುಟ್ಟುತ್ತದೆ, ಟ್ಯಾಂಕ್ ಹ್ಯಾಂಡಲ್ ದಾಟಿ ಹಾರುತ್ತಾನೆ. ಅವನನ್ನು ಒಂದು ಕೈಯಲ್ಲಿ ಎತ್ತಿ ಹೊರಗಿಡುವವರು ಈ ಕ್ಲಬ್ಬಿನಲ್ಲಿ ಯಾರೂ ಇಲ್ಲ.

"ಟ್ಯಾಂಕ್, ನಿಲ್ಲಿಸು," ಎಂದಳು ಸೊಳ್ಳೆ. "ಮೊದಲು ಹತ್ತಿ ಕೂತ್ಕೋ."

"ಯಾಕೆ? ನಿನಗೆ ಸೂಪರ್ ಆಯ್ತಲ್ಲ?"

"ಕೂತ್ಕೊಳ್ಳೋದೆಲ್ಲ ಆಮೇಲೆ," ಎಂದರು ಸರ್. "ಮೊದಲು ಬರಿ. ಎಲ್ಲರೂ ಕಾಯ್ತಿದ್ದಾರೆ. ಬರೆಯೋಕೆ ಇಷ್ಟ ಇಲ್ಲದಿದ್ದರೆ ಹೇಳಿಬಿಡು, ಮತ್ತೆ ತೊಂಬತ್ತೇ ಬರೀತೀನಿ."

ಬಾಗಿಲು ಖಾಲಿಯಾಗಿತ್ತು. ತೊಂಬತ್ತಿದ್ದ ಜಾಗದಲ್ಲಿ ಬರೀ ಬಿಳಿ ಮಸುಕು. ಸೀಮೆಸುಣ್ಣ ಅವಳ ಬೆವರಿಗೆ ಒದ್ದೆಯಾಗತೊಡಗಿತು. ಸಾಲಿನಲ್ಲಿ ಎಲ್ಲರ ಕೈಯೂ ಫೋರ್ಕಿನ ಮುಚ್ಚಳದ ಮೇಲಿತ್ತು. ದಪ್ಪ ಕೈ, ತೆಳ್ಳನೆ ಕೈ, ಉದ್ದ ಕೈ, ಬ್ಯಾಂಡೇಜ್ ಸುತ್ತಿದ ಕೈ. ಸೊಳ್ಳೆ ಒಂದೊಂದನ್ನೇ ನೋಡಿದಳು. ಮೊದಲ ಸಲ ಅವಳಿಗೆ ಅವು ಒಂದೊಂದೂ ಬೇರೆ ಬೇರೆಯಾಗಿ ಕಂಡವು.

ಆ ಸೀಮೆಸುಣ್ಣ ನಿಮ್ಮ ಕೈಯಲ್ಲಿದ್ದಿದ್ದರೆ ನೀವು ಬಾಗಿಲ ಮೇಲೆ ಏನು ಬರೆಯುತ್ತಿದ್ದಿರಿ?