ನೂರ ಇಪ್ಪತ್ತೊಂದನೆಯ ದಿನ

ಬುಧವಾರ ಬೆಳಿಗ್ಗೆ ದುಬೈಯ ದೇರಾದ ಒಂದು ಆಸ್ಪತ್ರೆಯ ದಾಖಲೆ ವಿಭಾಗದ ಕಿಟಕಿಯೊಳಕ್ಕೆ ಶಮೀನಾ ಒಂದು ಕಾಗದ ತಳ್ಳಿದಳು. ವೈದ್ಯರ ಸಮಿತಿಯ ಉತ್ತರ. ಮೂರೇ ಸಾಲು. ಸಮಿತಿ ಕೂತ ಮಂಗಳವಾರ, ಜುಲೈ ಇಪ್ಪತ್ತೊಂಬತ್ತಕ್ಕೆ, ಗರ್ಭಕ್ಕೆ ನೂರ ಇಪ್ಪತ್ತೊಂದು ದಿನ. ಕಾನೂನಿನ ಮಿತಿ ನೂರ ಇಪ್ಪತ್ತು. ಗರ್ಭಪಾತದ ಅರ್ಜಿ ತಿರಸ್ಕೃತ.

"ಇದು ಸುಳ್ಳು," ಎಂದಳು ಶಮೀನಾ. "ಮಂಗಳವಾರಕ್ಕೆ ಹದಿನೇಳು ವಾರ, ಒಂದು ದಿನ. ನೂರ ಇಪ್ಪತ್ತೇ. ಯಾರೋ ಒಂದು ದಿನ ಸೇರಿಸಿದ್ದಾರೆ ರೆಜಿನಾಕ್ಕ."

ರೆಜಿನಾ ಪಾಯ್ಸ್ ಕನ್ನಡಕ ಏರಿಸಿಕೊಂಡಳು. ಊರು ಶಿರ್ವದಿಂದ ದುಬೈಗೆ ಬಂದು ಹತ್ತೊಂಬತ್ತು ವರ್ಷ. ಮೊದಲು ಬಟ್ಟೆ ಅಂಗಡಿ; ಆಮೇಲೆ ಕರಾಮದ ಸಂಜೆ ಕ್ಲಾಸಿನಲ್ಲಿ ಆಸ್ಪತ್ರೆ ದಾಖಲೆಯ ಕೆಲಸ ಕಲಿತು ಈ ಕುರ್ಚಿ. ಪ್ರತಿ ಅಂಕಿಯನ್ನೂ ಎರಡು ಸಲ ನೋಡುವುದು, ಮನೆಗೆ ಹೋದ ಮೇಲೂ ಸರಿಯಾಗಿತ್ತೇ ಎಂದು ಕೊರಗುವುದು ಅವಳ ಅಭ್ಯಾಸ. ತಿಂಗಳ ಕೊನೆಗೆ ಅಂಕಿಅಂಶದ ಪಟ್ಟಿ ಮಾಡುವವಳೂ ಅವಳೇ.

ಶಮೀನಾಳ ಹೊಟ್ಟೆಯಲ್ಲಿದ್ದ ಮಗುವಿಗೆ ತಲೆಬುರುಡೆ ಬೆಳೆದಿರಲಿಲ್ಲ. ಎರಡು ವಾರದ ಹಿಂದೆ ಸ್ಕ್ಯಾನಿನಲ್ಲಿ ತಿಳಿದದ್ದು. ಹುಟ್ಟಿದರೂ ಕೆಲವು ಗಂಟೆ. ಊರಿಗೆ ಹೋದರೆ ಅಲ್ಲಿನ ಕಾನೂನಿನಲ್ಲಿ ಇನ್ನೂ ಕಾಲಾವಕಾಶವಿತ್ತು; ಆದರೆ ಅವಳ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ವಿಮಾನ ಹತ್ತಬಾರದೆಂದು ವೈದ್ಯರು ಬರೆದಿದ್ದರು. ಅದೇ ಹೆಪ್ಪು ಜೀವಕ್ಕೆ ತಕ್ಷಣದ ಅಪಾಯ ಎನ್ನುವಷ್ಟಿಲ್ಲ ಎಂದು ಸಮಿತಿ ಹೇಳಿತ್ತು. ಉಳಿದದ್ದು ಒಂದೇ ದಾರಿ. ದಾಖಲೆಯಲ್ಲಿ ತಪ್ಪಿದೆ ಎಂದು ಗುರುವಾರ ಮಧ್ಯಾಹ್ನದೊಳಗೆ ತೋರಿಸಿದರೆ ಮರುಪರಿಶೀಲನೆ ಕೇಳಬಹುದು.

"ಕೊನೆಯ ಮುಟ್ಟಿನ ಮೊದಲ ದಿನ ಯಾವುದು?"

"ರಂಜಾನ್ ಹಬ್ಬದ ದಿನ."

"ಗಟ್ಟಿಯಾ?"

"ಹಬ್ಬದ ಬೆಳಿಗ್ಗೆ ಎದ್ದರೆ ಆಗಿತ್ತು. ಎಲ್ಲರೂ ನಮಾಜ್ ಮಾಡುವಾಗ ನಾನು ಹೊಸ ಬಟ್ಟೆ ಹಾಕಿ ಮೂಲೆಯಲ್ಲಿ ಕೂತಿದ್ದೆ. ಅದು ಮರೀಲಿಕ್ಕೆ ಉಂಟಾ ಅಕ್ಕ?"

ರೆಜಿನಾ ಗೋಡೆಯ ಕ್ಯಾಲೆಂಡರ್ ಮಗುಚಿದಳು. ಹಬ್ಬ — ಮಾರ್ಚ್ ಮೂವತ್ತು, ಭಾನುವಾರ. ಬೆರಳಿನಲ್ಲಿ ಎಣಿಸಿದಳು, ಯಂತ್ರದಲ್ಲಿ ಎಣಿಸಿದಳು. ಹದಿನೇಳು ವಾರ, ಎರಡು ದಿನ. ನೂರ ಇಪ್ಪತ್ತೊಂದು. ಸಮಿತಿಯದೇ ಸರಿ. ಹುಡುಗಿ ದುಃಖದಲ್ಲಿ ಎಣಿಕೆ ತಪ್ಪಿದಳೇ? ಅಳುತ್ತಿರುವವಳ ಹತ್ತಿರ ಲೆಕ್ಕದ ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡಳು. ಆಗಲೇ ಕೇಳಿಬಿಟ್ಟಿದ್ದರೆ ಒಂದು ಪೂರ್ತಿ ದಿನದ ಹುಡುಕಾಟ ಉಳಿಯುತ್ತಿತ್ತು.

ಕಡತ ತೆರೆದಳು. ಸ್ಕ್ಯಾನ್ ವರದಿಯಲ್ಲಿ ದಿನಗಳ ಲೆಕ್ಕವಿರಲಿಲ್ಲ. ತಲೆಯ ಅಳತೆ ಹಿಡಿದು ದಿನ ಹೇಳುವುದು ರೂಢಿ. ಇಲ್ಲಿ ಅಳೆಯಲು ತಲೆಯೇ ಇರಲಿಲ್ಲ. ತೊಡೆಯ ಎಲುಬಿನ ಅಳತೆ ಹಿಡಿದರೆ ಲೆಕ್ಕ ವಾರದಷ್ಟು ಅತ್ತಿತ್ತ. ಹೀಗಾಗಿ ತಾಯಿ ಹೇಳಿದ ತಾರೀಖೇ ಕೊನೆಯ ಮಾತಾಗಿತ್ತು. ಆ ತಾರೀಖು ಬರೆದ ಮೊದಲ ಭೇಟಿಯ ಚೀಟಿ? ಕಡತದಲ್ಲಿ ಇಲ್ಲ. ಕಂಪ್ಯೂಟರಿನ ಅಚ್ಚು ಮಾತ್ರ.

ಚೀಟಿ ಬರೆದದ್ದು ಬಸುರಿಯರ ವಿಭಾಗದ ನರ್ಸ್ ಎಲ್ಸಿ. ಚರ್ಚಿನ ಪ್ರಾರ್ಥನಾ ಗುಂಪಿನ ಮುಂದಾಳು. ಗರ್ಭ ನಿಂತ ಮೊದಲ ದಿನವೇ ಅದು ಜೀವ, ಕೈ ಹಚ್ಚಿದವರು ಕೊಲೆಗಾರರು ಎಂದು ಊಟದ ಕೋಣೆಯಲ್ಲಿ ಹೇಳುವವಳು. ರೆಜಿನಾ ಅದೇ ಚರ್ಚಿನವಳು. ಅಲ್ಲಿ ತಲೆ ಅಲ್ಲಾಡಿಸುತ್ತಾಳೆ, ಇಲ್ಲಿ ಪಟ್ಟಿ ತುಂಬುತ್ತಾಳೆ.

"ತಾರೀಖು ನೀನು ಬದಲಿಸಿದಿಯಾ ಎಲ್ಸಿ?"

ಎಲ್ಸಿ ಬಿ.ಪಿ. ಪಟ್ಟಿ ಸುತ್ತುತ್ತಲೇ ಹೇಳಿದಳು. "ಬದಲಿಸುವುದಾದರೆ ಒಂದು ದಿನ ಯಾಕೆ ಮಾರಾಯ್ತಿ, ಒಂದು ತಿಂಗಳು ಸೇರಿಸುತ್ತಿದ್ದೆ. ನಾನು ಜಪಸರ ಹಿಡಿಯುವವಳು, ವೈಟ್‌ನರ್ ಅಲ್ಲ."

"ಹಾಗಾದರೆ ಏನು ಬರೆದೆ?"

"ಅವಳು ಹೇಳಿದ್ದನ್ನೇ. ಆಗ ಮೇ ತಿಂಗಳು, ಸ್ಕ್ಯಾನೇ ಆಗಿರಲಿಲ್ಲ. ನನಗೇನು ಕನಸು ಬಿದ್ದಿತ್ತಾ? ಈ ವರ್ಷ ಎಷ್ಟಕ್ಕೆ ಒಪ್ಪಿಗೆ ಕೊಟ್ಟರು, ಅದು ಹೇಳು."

ಹನ್ನೊಂದು ಅರ್ಜಿ. ಏಳಕ್ಕೆ ಒಪ್ಪಿಗೆ. ನಾಲ್ಕು ಅವಧಿ ಮೀರಿದ್ದು.

"ಏಳು ಜೀವ ಹೋಯಿತು," ಎಂದಳು ಎಲ್ಸಿ.

"ಮತ್ತೆ ಆ ನಾಲ್ಕು?"

ಎಲ್ಸಿ ಬಿ.ಪಿ. ಪಟ್ಟಿಯನ್ನು ಡಬ್ಬಿಗೆ ಹಾಕಿದಳು. ತಿರಸ್ಕಾರವಾದ ಮೇಲೆ ಊರಿನ ವಿಮಾನ ಹತ್ತಿದವರು, ಯಾರದೋ ಕೈಯಿಂದ ಮಾತ್ರೆ ತರಿಸಿ ನುಂಗಿದವರು — ಅವರಿಗೆ ಅವಳ ಪಟ್ಟಿಯಲ್ಲಿ ಕಾಲಂ ಇಲ್ಲ.

ಸಂಜೆ ರೆಜಿನಾ ನೈಫ್‌ನಲ್ಲಿದ್ದ ಶಮೀನಾಳ ಫ್ಲ್ಯಾಟಿಗೆ ಹೋದಳು. ಮೊದಲ ಭೇಟಿಯ ದಿನ ಕಡತ ಹಿಡಿದು ಕೂತಿದ್ದವರು ಶಮೀನಾಳ ಅತ್ತೆ ಖೈರುನ್ನಿಸ. ಮೊಮ್ಮಗು ಬೇಕೆಂದು ಹಠ ಹಿಡಿದವರು ಎಂದು ಎಲ್ಸಿ ಹೇಳಿದ್ದಳು. ಚೀಟಿ ಎಳೆದಿಟ್ಟುಕೊಂಡರೇ?

ಖೈರುನ್ನಿಸ ಚಹಾ ಇಟ್ಟರು. "ಬಾಯಮ್ಮ, ನೂರ ಇಪ್ಪತ್ತು ದಿನಕ್ಕೆ ರೂಹ್ ಬರುತ್ತದೆ, ಅಂದರೆ ಆತ್ಮ. ಆಮೇಲೆ ಕೈ ಹಚ್ಚಲಿಕ್ಕಿಲ್ಲ. ಅದಕ್ಕೆ ಮೊದಲೇ ಮುಗಿಸಿ, ಸಹಿ ಹಾಕು ಅಂತ ಮಗನಿಗೆ ಹೇಳಿದ್ದೇ ನಾನು. ಕೇಳಿ ಅವನನ್ನು."

ಜೆಬೆಲ್ ಅಲಿಯ ಗೋದಾಮಿನಿಂದ ಕಂಪನಿ ಬಸ್ಸಿನಲ್ಲಿ ಆಗಷ್ಟೇ ಬಂದಿದ್ದ ಶಮೀನಾಳ ಗಂಡ ನೌಶಾದ್ ಶೂ ಬಿಚ್ಚದೆ ಕೂತಿದ್ದ. ಹೌದು ಎಂದ. ಸಹಿಗೆ ರಜೆ ಸಿಗಲಿಲ್ಲ, ಮೂರು ದಿನ ತಡವಾಯಿತು. "ಆ ಮೂರು ದಿನ ನನ್ನ ತಪ್ಪು ಅಕ್ಕ. ಆದರೆ ತಾರೀಖು ನಾನು ಮುಟ್ಟಲಿಲ್ಲ."

ಒಳಕೋಣೆಯಲ್ಲಿ ಶಮೀನಾ ಕಾಲು ಎತ್ತರಿಸಿ ಮಲಗಿದ್ದಳು. ಖೈರುನ್ನಿಸ ಸ್ವರ ತಗ್ಗಿಸಿದರು. ಸೊಸೆಗೆ ಬಂದಾಗಿನಿಂದ ತನ್ನ ಮೇಲೆ ಅನುಮಾನವಂತೆ. ಬರುವುದಕ್ಕೆ ಮೊದಲೂ ಅಷ್ಟೇ. "ಹಬ್ಬಕ್ಕೆ ಇವನು ತೆಗೆದ ಬಟ್ಟೆ ಹಾಕಿ, ಬಿರಿಯಾನಿ ತಟ್ಟೆ ಹಿಡಿದು ವಿಡಿಯೋ ಕಾಲ್ ಮಾಡಿದೆ. ಪ್ರೀತಿಯಿಂದಲೇ. 'ಉಪವಾಸದ ಬಾಯಿಗೆ ಆಸೆ ಹುಟ್ಟಿಸಬೇಡಿ ಮಾಮಿ' ಅಂತ ಹೇಳಿ ಇಟ್ಟೇಬಿಟ್ಟಳು. ಅಷ್ಟು ಕೊಬ್ಬು."

ಅತ್ತೆ ಸೊಸೆಯ ಹಳೆಯ ರಾಗ. ರೆಜಿನಾ ಚಹಾ ಮುಗಿಸಿ ಎದ್ದಳು.

ಮೂವರನ್ನು ಕೇಳಿದ್ದಾಯಿತು. ಮೂವರೂ ನಿಜ ಹೇಳಿದಂತೆಯೇ ಇತ್ತು. ಹಾಗಾದರೆ?

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವಳು ರಾಸ್ ಅಲ್ ಖೋರ್‌ನಲ್ಲಿದ್ದಳು. ಕಾರು ರಿಪೇರಿ ಅಂಗಡಿಗಳ ಹಿಂದೆ ಆಸ್ಪತ್ರೆಯ ಹಳೆ ಕಾಗದಗಳ ಗೋದಾಮು. ಮೇ ತಿಂಗಳ ಪೆಟ್ಟಿಗೆ. ಒಂದು ಗಂಟೆ ಹುಡುಕಿದ ಮೇಲೆ ಚೀಟಿ ಸಿಕ್ಕಿತು.

ಎಲ್ಸಿಯ ದುಂಡಗಿನ ಅಕ್ಷರ. ತಾರೀಖಿನ ಜಾಗದಲ್ಲಿ ತಾರೀಖೇ ಇಲ್ಲ. 'ಈದ್ ದಿನ' ಎಂಬ ಎರಡು ಪದ, ಇಂಗ್ಲಿಷಿನಲ್ಲಿ. ಅದರ ಕೆಳಗೆ ಬೇರೆ ಕೈ, ನೀಲಿ ಶಾಯಿ: 30-3. ಪಕ್ಕದಲ್ಲಿ ಪುಟ್ಟ ಸಹಿ.

ಆರ್.ಪಿ.

ರೆಜಿನಾ ಪಾಯ್ಸ್.

ಕಂಪ್ಯೂಟರ್ ಪದಗಳನ್ನು ಸ್ವೀಕರಿಸುವುದಿಲ್ಲ. ಅಂಕಿ ಬೇಕು. ಗೋಡೆಯ ಕ್ಯಾಲೆಂಡರ್ ನೋಡಿ ಅವಳೇ ತುಂಬಿದ್ದಳು. ಎರಡು ಸಲ ನೋಡಿಯೇ ತುಂಬಿರಬೇಕು. ಆದರೂ ತಪ್ಪೇನಿದೆ? ಹಬ್ಬ ಮೂವತ್ತಕ್ಕೇ ತಾನೆ?

ಚೀಟಿಯ ಹಿಂದೆ ಪಾಸ್‌ಪೋರ್ಟಿನ ನಕಲು ಪಿನ್ ಮಾಡಿತ್ತು. ದುಬೈ ಪ್ರವೇಶದ ಮೊಹರು: ಏಪ್ರಿಲ್ ಹನ್ನೆರಡು.

ಅವಳು ಪೆಟ್ಟಿಗೆಯ ಮೇಲೆ ಹಾಗೇ ಕೂತುಬಿಟ್ಟಳು. ಬಿರಿಯಾನಿಯ ತಟ್ಟೆ ಕಣ್ಣ ಮುಂದೆ ಬಂತು.

ಹನ್ನೊಂದೂವರೆಗೆ ಸಮಿತಿಯ ಕಾರ್ಯದರ್ಶಿಯ ಕೋಣೆಯ ಹೊರಗೆ ಎಲ್ಲರೂ ಸೇರಿದ್ದರು. ಶಮೀನಾ ಗಾಲಿಕುರ್ಚಿಯಲ್ಲಿ. ಎಲ್ಸಿ ಗೋಡೆಗೆ ಒರಗಿ.

"ಖೈರುನ್ನಿಸಮ್ಮ," ಎಂದಳು ರೆಜಿನಾ. "ಹಬ್ಬದ ದಿನ ಯಾರಾದರೂ ಉಪವಾಸ ಮಾಡುತ್ತಾರಾ?"

"ಹರಾಮ್. ಮಾಡಲಿಕ್ಕೇ ಇಲ್ಲ."

"ಮುಟ್ಟಾದವಳು?"

"ಅವಳಿಗೂ ಉಪವಾಸ ಇಲ್ಲ."

"ನೀವು ಬಿರಿಯಾನಿ ತೋರಿಸಿದ್ದು ಭಾನುವಾರ. ಅವತ್ತು ಶಮೀನಾ ಉಪವಾಸ ಇದ್ದಳು. ಅಂದರೆ ಅವತ್ತು ಅವಳಿಗೆ ಹಬ್ಬವೂ ಅಲ್ಲ, ಮುಟ್ಟೂ ಬಂದಿರಲಿಲ್ಲ. ಅವಳು ಆಗ ಇನ್ನೂ ಊರಲ್ಲಿ, ಉಳ್ಳಾಲದಲ್ಲಿ. ಚಂದ್ರ ಇಲ್ಲಿ ಶನಿವಾರ ಕಂಡ, ಅಲ್ಲಿ ಭಾನುವಾರ. ಉಳ್ಳಾಲದ ಹಬ್ಬ ಸೋಮವಾರ, ಮೂವತ್ತೊಂದಕ್ಕೆ."

ನೌಶಾದ್ ಹಣೆ ಹಿಡಿದುಕೊಂಡ. ಪ್ರತಿ ವರ್ಷ ಊರಿಗೆ ಎರಡೆರಡು ಸಲ ಹಬ್ಬದ ಶುಭಾಶಯ ಕಳಿಸುವವನು ಅವನು. "ನಮಗೆ ಯಾರಿಗೂ ಹೊಳೆಯಲಿಲ್ಲವಲ್ಲ," ಎಂದ.

"ಶಮೀನಾ ಎಣಿಸಿದ್ದು ಸರಿ. ಒಂದು ದಿನ ಸೇರಿಸಿದ್ದು ಎಲ್ಸಿ ಅಲ್ಲ. ನೀವ್ಯಾರೂ ಅಲ್ಲ." ರೆಜಿನಾ ಚೀಟಿ ಮುಂದೆ ಹಿಡಿದಳು. "ಇದು ನನ್ನ ಕೈಬರಹ. ಯಾವ ಊರಿನ ಹಬ್ಬ ಅಂತ ನಾನು ಕೇಳಲಿಲ್ಲ."

ಅವಳು ಅರ್ಜಿಯನ್ನೂ ತನ್ನ ತಪ್ಪೊಪ್ಪಿಗೆಯನ್ನೂ ಹಿಡಿದು ಒಳಗೆ ಹೋದಳು. ಕೆಲಸ ಹೋದರೆ ವೀಸಾವೂ ಹೋಗುತ್ತದೆ ಎಂಬುದು ತಲೆಯಲ್ಲಿ ಬಂತು, ನಿಲ್ಲಲಿಲ್ಲ.

ಕಾರ್ಯದರ್ಶಿ ವಯಸ್ಸಾದ ವೈದ್ಯ. ಪೂರ್ತಿ ಓದಿದರು. ತಿದ್ದುಪಡಿ ಸರಿಯಾಗಿದೆ ಎಂದರು, ಸಹಿ ಹಾಕಿದರು, ದಾಖಲೆ ಸರಿಪಡಿಸಿದರು. ಆಮೇಲೆ ಕನ್ನಡಕ ತೆಗೆದರು. ಮರುಪರಿಶೀಲನೆಗೆ ಮತ್ತೆ ಸಮಿತಿ ಕೂರುವ ದಿನದಿಂದಲೇ ಎಣಿಕೆ. ಇವತ್ತೇ ಕೂತರೂ ಇವತ್ತಿಗೆ ನೂರ ಇಪ್ಪತ್ತೆರಡು. ಮಂಗಳವಾರಕ್ಕೆ ಹಿಂದೆ ಹೋಗುವ ಅಧಿಕಾರ ತನಗಿಲ್ಲ. "ಖಲಾಸ್, ಸಿಸ್ಟರ್," ಎಂದರು, ಮೆಲ್ಲಗೆ. ಅವರ ದನಿಯಲ್ಲಿ ಕಠೋರತೆ ಇರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಹೊರಗೆ ಬಂದು ಹೇಳಬೇಕಾಯಿತು. ಹೇಳಿದಳು.

ಖೈರುನ್ನಿಸ ಸೊಸೆಯ ತಲೆಯ ಮೇಲೆ ಕೈಯಿಟ್ಟು ನಿಂತರು. ಎಲ್ಸಿ ಜಪಸರವಿದ್ದ ಜೇಬಿಗೆ ಕೈ ಹಾಕಿದವಳು ಬರಿಗೈಯನ್ನೇ ಹೊರತೆಗೆದಳು. ಉಳಿದ ಮೂರು ತಿರಸ್ಕೃತ ಅರ್ಜಿಗಳು ರೆಜಿನಾಳ ಮನಸ್ಸಿನಲ್ಲಿ ಒಂದೊಂದಾಗಿ ತೆರೆದುಕೊಂಡವು. ಅವುಗಳಲ್ಲಿ ಎಷ್ಟು ಚೀಟಿಯ ಮೇಲೆ ನೀಲಿ ಶಾಯಿ?

"ಅಕ್ಕ," ಎಂದಳು ಶಮೀನಾ. "ನೀವು ಬೇಕೆಂದೇ ಮಾಡಿದ್ದಲ್ಲ ಅಲ್ವಾ?"

"ಅಲ್ಲ ಮಗಾ."

"ಬೇಕೆಂದೇ ಮಾಡಿದ್ದರೆ ಬಯ್ಯಲಿಕ್ಕಾದರೂ ಆಗುತ್ತಿತ್ತು."

ರೆಜಿನಾ ಗಾಲಿಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು.

"ಇನ್ನು ಎಷ್ಟು ದಿನ ಹೊರಬೇಕು? ಹೆರುವವರೆಗೆ. ಎಣಿಸಿ ಹೇಳಿ. ನನಗಿನ್ನು ಎಣಿಸಲಿಕ್ಕೆ ಆಗುವುದಿಲ್ಲ."

ರೆಜಿನಾ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದಳು. ಸೋಮವಾರದಿಂದ, ಮಾರ್ಚ್ ಮೂವತ್ತೊಂದರಿಂದ, ಇನ್ನೂರ ಎಂಬತ್ತು. ಅದರಲ್ಲಿ ನೂರ ಇಪ್ಪತ್ತೆರಡು ಕಳೆಯಿತು. ಎರಡು ಸಲ ನೋಡಿದಳು. ಮೂರನೆಯ ಸಲವೂ ನೋಡಿದಳು. ಈ ಸಲ ಒಂದು ದಿನವೂ ತಪ್ಪಿರಲಿಲ್ಲ.

"ನೂರ ಐವತ್ತೆಂಟು," ಎಂದಳು.