ಹರಿಯಲಾಗದ ಚೀಟಿ

"ಈ ಪುಸ್ತಕ ಯಾರದ್ದು?"

ಬಹರೈನ್ ವಿಮಾನ ನಿಲ್ದಾಣದ ತಪಾಸಣೆಯ ಮೇಜಿನ ಮೇಲೆ ಐವಿಯ ಕೊಂಕಣಿ ಪ್ರಾರ್ಥನಾ ಪುಸ್ತಕ ತೆರೆದು ಬಿದ್ದಿತ್ತು. ಅದರೊಳಗೆ ಅಂಟಿಸಿದ್ದ ಸಣ್ಣ ಚೀಟಿಯ ಮೇಲೆ ಅಧಿಕಾರಿಯ ಬೆರಳು ನಿಂತಿತ್ತು.

ಐವಿ ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಸ್ವರ ಬಂತು.

"ನನ್ನದು, ಸರ್."

ಮೌರಿಸ್! ಎರಡು ದಿನದಿಂದ ಅವಳು ಮಾತು ಬಿಟ್ಟಿದ್ದ ಮೌರಿಸ್!

ಇಲ್ಲಿನ ಮನಾಮ ಪಟ್ಟಣದ ಟ್ರಾವೆಲ್ ಆಫೀಸಿನ ಗುಮಾಸ್ತ ಅವನು. ಹನ್ನೊಂದು ಜನರ ಜೆರುಸಲೇಮ್ ಯಾತ್ರೆಗೆ ಅವನೇ ಮುಂದಾಳು. ಹೊರಡುವ ಮುನ್ನವೇ ಎಚ್ಚರಿಸಿದ್ದ. "ಇಸ್ರೇಲಿನ ಮುದ್ರೆ ಕಂಡ್ರೆ ಇಲ್ಲಿ ವೀಸಾ ಉಳಿಯುದಿಲ್ಲ ಮಾರಾಯ್ರೆ! ಪಾಸ್‌ಪೋರ್ಟಿಗೆ ಬೇಡ, ಬೇರೆ ಚೀಟಿಗೆ ಹಾಕಿ ಅಂತ ಕೇಳಿ. ಗಡಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದ ಕೂಡ್ಲೇ ಅದನ್ನು ಹರಿದು ಬಿಸಾಡಿ."

ಹತ್ತು ಜನ ಹರಿದರು. ಐವಿಗೆ ಕೈ ಬರಲಿಲ್ಲ. ಪ್ರಭು ಶಿಲುಬೆ ಹೊತ್ತು ನಡೆದ ಊರಿನ ಕಾಗದ... ಕಸದ ಬುಟ್ಟಿಗೆ ಹೇಗೆ ಹಾಕುವುದು?

ಜೆರುಸಲೇಮಿನ ಹಳೆಯ ಕೋಟೆಯೊಳಗಿನ ಇಕ್ಕಟ್ಟಾದ ಕಲ್ಲು ಓಣಿಗಳಲ್ಲಿ, ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಅವಳು ಮೊಣಕಾಲೂರಿದ್ದಳು. ಕೊನೆಗೆ ಪವಿತ್ರ ಸಮಾಧಿಯ ಮುಂದೆ, ಕಾಯಿಲೆ ಬಿದ್ದ ಅಮ್ಮನಿಗಾಗಿ ಜಪಸರ ಹಿಡಿದಿದ್ದಳಷ್ಟೆ. ಬಾಗಿಲಿನಿಂದ ಮೌರಿಸ್ ಕೂಗಿದ್ದ.

"ಐವಿ, ಏಳಿ! ಇವತ್ತು ಶುಕ್ರವಾರ, ಜೋರ್ಡಾನ್ ಗಡಿಯ ಸೇತುವೆ ಬೇಗ ಮುಚ್ತಾರೆ!"

"ಐದೇ ನಿಮಿಷ..."

"ಒಂದು ನಿಮಿಷವೂ ಇಲ್ಲ!"

ಕಲ್ಲಿನಂಥ ಮನುಷ್ಯ ಎಂದು ಅವಳು ಅಂದೇ ತೀರ್ಮಾನಿಸಿದ್ದಳು.

ಆ ಕಲ್ಲೇ ಈಗ ಅವಳ ತಪ್ಪನ್ನು ತನ್ನ ತಲೆಗೆ ಎಳೆದುಕೊಳ್ಳುತ್ತಿತ್ತು!

ಸಲ್ಮಾನಿಯಾ ಆಸ್ಪತ್ರೆಯಲ್ಲಿ ಐವಿಯ ಜೊತೆ ನರ್ಸ್ ಆಗಿದ್ದ, ಯಾತ್ರೆಗೂ ಬಂದಿದ್ದ ಪೌಲಿನ್ ಅವಳ ಮೊಣಕೈ ಹಿಡಿದು ಪಿಸುಗುಟ್ಟಿದಳು. "ಸುಮ್ನಿರು! ಅಮ್ಮನ ಮದ್ದು ನಿನ್ನ ಸಂಬಳದಲ್ಲಿ ನಡೀತಾ ಉಂಟು."

"ಅವರ ಕೆಲಸ ಹೋದ್ರೆ?"

"ಹೋಗ್ತದೆ. ಪಾಪ, ಅವ ಸಮಾಧಿಯ ಒಳಗೂ ಬರ್ಲಿಲ್ಲ, ಗೊತ್ತುಂಟಾ? ನಮ್ಮ ಚೀಲ ಕಾಯ್ತಾ ಬಿಸಿಲಲ್ಲೇ ನಿಂತಿದ್ದ."

ಐವಿ ಮೌರಿಸನತ್ತ ತಿರುಗಿದಳು. ನಾನು ಅಷ್ಟಾದರೂ ಪ್ರಾರ್ಥಿಸಿದೆ... ಇವರು?

ಅಧಿಕಾರಿ ಮೊದಲ ಪುಟ ತಿರುವಿ ಹಿಂದಿಯಲ್ಲಿ ಕೇಳಿದ. "ಈ ಲಿಪಿ ನನಗೆ ಬರುವುದಿಲ್ಲ. ಇಲ್ಲೇನು ಬರೆದಿದೆ?"

"ನನ್ನ ಹೆಸರು, ಸರ್," ಎಂದ ಮೌರಿಸ್, ಕಣ್ಣು ಮಿಟುಕಿಸದೆ.

ಅದು ಅಮ್ಮನ ಕೈಬರಹ. 'ನನ್ನ ಐವಿಗೆ.'

"ಅಲ್ಲ ಸರ್!" ಐವಿ ಮುಂದೆ ಬಂದಳು. "ಅದು ನನ್ನ ಹೆಸರು. ಪುಸ್ತಕ ನನ್ನದು!"

"ಐವಿ, ಬಾಯಿ ಮುಚ್ಚಿ!"

"ನೀವು ಮುಚ್ಚಿ!"

ಅಧಿಕಾರಿಯ ಹುಬ್ಬು ಮೇಲೇರಿತು. "ಇಲ್ಲಿ ಎಲ್ಲರೂ ನನ್ನದಲ್ಲ ಅಂತ ಜಗಳ ಮಾಡುತ್ತಾರೆ. ನೀವಿಬ್ಬರು ನನ್ನದು ಅಂತಲಾ?" ಆಮೇಲೆ ಅವಳತ್ತ ತಿರುಗಿದ. "ಯಾಕೆ ಇಟ್ಟುಕೊಂಡೆ?"

"ಇವರು ಹರೀಲಿಕ್ಕೆ ಹೇಳಿದ್ರು, ಸರ್. ಪವಿತ್ರ ಊರಿನ ಕಾಗದ... ನನ್ನಿಂದ ಆಗಲಿಲ್ಲ."

ಅಧಿಕಾರಿ ಚೀಟಿಯ ಮುದ್ರೆಯ ಮೇಲೆ ಬೆರಳಾಡಿಸಿದ.

"ಅಲ್-ಖುದ್ಸ್," ಎಂದ ಮೆಲ್ಲಗೆ. ಜೆರುಸಲೇಮಿಗೆ ಅರಬ್ಬಿ ಹೆಸರು ಅದು. "ಅಲ್ಲಿ ಒಮ್ಮೆ ನಮಾಜು ಮಾಡಬೇಕು ಅಂತ ನನ್ನ ತಾಯಿ ಸಾಯುವ ತನಕ ಹೇಳುತ್ತಿದ್ದಳು."

ಚೀಟಿಯನ್ನು ಪುಟದಿಂದ ಬಿಡಿಸಿ ಅವಳ ಮುಂದಿಟ್ಟ.

"ಹರಿ. ನೀನೇ."

ಐವಿ ಒಮ್ಮೆ ಮೌರಿಸನ ಮುಖ ನೋಡಿದಳು. ಅವನ ಹಣೆ ಬೆವರಿನಿಂದ ತೊಯ್ದಿತ್ತು... ಹರಿದಳು. ಎರಡು, ನಾಲ್ಕು, ಎಂಟು ಚೂರು.

"ಆಯ್ತು, ಹೋಗಿ," ಎಂದ ಅಧಿಕಾರಿ, ಪುಸ್ತಕವನ್ನು ಎರಡೂ ಕೈಯಲ್ಲಿ ಅವಳಿಗೆ ಕೊಡುತ್ತಾ.

ಹೊರಗೆ ಬಂದ ಕೂಡಲೇ ಐವಿ ಅಳುತ್ತಾ ಮೌರಿಸನಿಗೆ ಅಡ್ಡ ನಿಂತಳು.

"ಯಾಕೆ ಹಾಗೆ ಹೇಳಿದ್ರಿ? ನಿಮ್ಮ ಕೆಲಸ ಹೋಗ್ತಿತ್ತು!"

"ಕೆಲಸ ಇನ್ನೊಂದು ಸಿಗ್ತದೆ. ನಿಮ್ಮನ್ನು ಊರಿಗೆ ಕಳ್ಸಿದ್ರೆ... ಇಲ್ಲಿ ಶುಕ್ರವಾರದ ರಜೆಗೆ ಇಗರ್ಜಿಯ ಪೂಜೆಯಲ್ಲಿ ನಾನು ಯಾರನ್ನು ನೋಡುದು?"

"ಪೂಜೆಯಲ್ಲಿ ಬಲಿಪೀಠ ನೋಡ್ಬೇಕು!"

"ಮೂರು ವರ್ಷದಿಂದ ಪ್ರಯತ್ನ ಮಾಡ್ತಾ ಇದ್ದೇನೆ. ಆಗ್ತಾ ಇಲ್ಲ."

ಅವಳ ಅಳುವಿನ ನಡುವೆಯೇ ನಗು ನುಗ್ಗಿ ಬಂತು.

"ಹಿಂದಿನಿಂದ ಕದ್ದು ನೋಡ್ಬೇಡಿ ಇನ್ನು. ನನ್ನ ಬೆಂಚಿಗೇ ಬನ್ನಿ."

ಮೌರಿಸ್ ತಬ್ಬಿಬ್ಬಾದ. "ಐವಿ... ನಮ್ಮಲ್ಲಿ ಗಂಡು-ಹೆಣ್ಣು ಒಂದೇ ಬೆಂಚಿನಲ್ಲಿ ಕೂರುದು ಮದುವೆ ಆದವರು ಮಾತ್ರ."

"ಗೊತ್ತುಂಟು," ಎಂದಳು ಐವಿ.